ಡಿಸೆಂಬರ್ 29ರ ಸಂಜೆ: ಅಶ್ವಥ್ ಅವರನ್ನು ಮನೆಯಲ್ಲೇ ಹಾಡಿ ನೆನೆಯುವುದು ಹೇಗೆ

ಪ್ರತಿ ವರ್ಷ ಡಿಸೆಂಬರ್ 29ಕ್ಕೆ ಮೈಸೂರಿನ ನಮ್ಮ ಮನೆ ತಾರಸಿಯಲ್ಲಿ ಜಮಖಾನ ಹಾಸುತ್ತೇವೆ. ಭಾವಗೀತೆಗಳಿಗೆ ರಾಗ ಹಾಕಿ ಹಾಡಿದ ಸಿ. ಅಶ್ವಥ್ ಹುಟ್ಟಿದ್ದು 1939ರ ಡಿಸೆಂಬರ್ 29. ತೀರಿಕೊಂಡಿದ್ದು 2009ರ ಡಿಸೆಂಬರ್ 29. ಎಪ್ಪತ್ತು ತುಂಬಿದ ದಿನವೇ ಹೊರಟುಹೋದರು. ನಮ್ಮಪ್ಪ ಬೆಂಗಳೂರಿನ ಐಟಿಐನಲ್ಲಿದ್ದರು, ಅಂದರೆ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಕಾರ್ಖಾನೆಯಲ್ಲಿ. ಅಶ್ವಥ್ ಕೂಡ ಐಟಿಐನಲ್ಲೇ 27 ವರ್ಷ ದುಡಿದವರು. "ನಮ್ಮ ಫ್ಯಾಕ್ಟರಿಯವರು ಕಣೇ" ಅಂತ ಅಪ್ಪ ಹೇಳುವಾಗ, ಸ್ವಂತ ತಮ್ಮನ ಬಗ್ಗೆ ಹೇಳುವ ಹಾಗಿರುತ್ತಿತ್ತು.

ನಿಮಗೂ ಹೀಗೊಂದು ಸಂಜೆ ನಡೆಸಬೇಕು ಅನ್ನಿಸಿದರೆ, ನಾನು ಇಷ್ಟು ವರ್ಷದಲ್ಲಿ ಕಲಿತದ್ದನ್ನು ಹೇಳುತ್ತೇನೆ. ಅಶ್ವಥ್ ಅವರೇ ಆಗಬೇಕು ಅಂತಿಲ್ಲ. ತೀರಿಕೊಂಡ ದಿನ ಹಿಡಿದರೆ ಪಿ.ಬಿ. ಶ್ರೀನಿವಾಸ್ ಅವರಿಗೆ ಏಪ್ರಿಲ್ 14, ಶಿವಮೊಗ್ಗ ಸುಬ್ಬಣ್ಣ ಅವರಿಗೆ ಆಗಸ್ಟ್ 11, ಎಸ್ಪಿಬಿ ಅವರಿಗೆ ಸೆಪ್ಟೆಂಬರ್ 25. ಆದರೆ ಒಂದು ಸಂಜೆಗೆ ಒಬ್ಬರೇ ಸಾಕು. ಎಲ್ಲರನ್ನೂ ಸೇರಿಸಿದರೆ ಯಾರನ್ನೂ ಸರಿಯಾಗಿ ನೆನೆದಂತಾಗುವುದಿಲ್ಲ.

ಮೊದಲ ಕೆಲಸ ಹಾಡುಗಳ ಆಯ್ಕೆ. ಎರಡೂವರೆ ಗಂಟೆಗೆ ಹದಿನಾಲ್ಕು ಹಾಡು ಸಾಕು, ಮಧ್ಯೆ ಮಾತಿಗೆ ಜಾಗ ಬೇಕು. ಎಲ್ಲರಿಗೂ ಗೊತ್ತಿರುವ ಹಾಡು ಹತ್ತು ಇರಲಿ, ಮರೆತುಹೋದದ್ದು ನಾಲ್ಕಾದರೂ ಇರಲಿ. ನಾವು ಶುರು ಮಾಡುವುದು ಕುವೆಂಪು ಅವರ ಕವಿತೆಯಿಂದ. ಅವರು ಹುಟ್ಟಿದ್ದೂ ಡಿಸೆಂಬರ್ 29ರಂದೇ, 1904ರಲ್ಲಿ. ಆಮೇಲೆ ಸಿನಿಮಾ. ಅಶ್ವಥ್ ಸಂಗೀತ ನಿರ್ದೇಶಕರಾಗಿದ್ದು ಮಾಸ್ತಿಯವರ ನಾಟಕದಿಂದ ಬಂದ 'ಕಾಕನಕೋಟೆ'ಯಿಂದ, 1977ರಲ್ಲಿ. ಇದು ಹೇಳಿದರೆ ಈಗಿನ ಮಕ್ಕಳಿಗೆ ಆಶ್ಚರ್ಯ. ಶಿಶುನಾಳ ಶರೀಫರ ತತ್ವಪದಗಳು ಕೊನೆಗಿರಲಿ. ಅವು ಬಂದರೆ ಎಲ್ಲರೂ ಚಪ್ಪಾಳೆಗೆ ಇಳಿಯುತ್ತಾರೆ. ಆಮೇಲೆ ಮೆಲ್ಲನೆಯ ಭಾವಗೀತೆ ಹಿಡಿಯುವುದಿಲ್ಲ.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ವಿಷಯ. ಪ್ರತಿ ಹಾಡಿಗೂ ಮುಂಚೆ ಮೂರು ಹೆಸರು ಹೇಳಿ. ಬರೆದವರು ಯಾರು, ರಾಗ ಹಾಕಿದವರು ಯಾರು, ಹಾಡಿದವರು ಯಾರು. 'ಕಾಣದ ಕಡಲಿಗೆ' ಅಂದರೆ ಬರೆದವರು ಜಿ.ಎಸ್. ಶಿವರುದ್ರಪ್ಪ, ರಾಗವೂ ದನಿಯೂ ಅಶ್ವಥ್ ಅವರದು. ನಮ್ಮಲ್ಲಿ ಹಾಡಿದವರ ಹೆಸರು ಉಳಿಯುತ್ತದೆ, ರಾಗ ಹಾಕಿದವರದು ಬೇಗ ಅಳಿಸಿಹೋಗುತ್ತದೆ. ಅಶ್ವಥ್ ಅವರ ದನಿ ಅಷ್ಟು ದೊಡ್ಡದು, ಅದರ ಹಿಂದೆ ಅವರೊಳಗಿನ ಸಂಯೋಜಕ ಮರೆಯಾಗಿಬಿಡುತ್ತಾರೆ. ಬೇರೆಯವರ ಗಂಟಲಿಗೆ ಅಂತಲೇ ಅವರು ಎಷ್ಟೊಂದು ರಾಗ ಕೊಟ್ಟರು! ಇನ್ನೊಂದು ಎಚ್ಚರಿಕೆ. ಮೈಸೂರು ಅನಂತಸ್ವಾಮಿ ಅವರ ರಾಗಗಳನ್ನು ಎಷ್ಟೋ ಜನ ಅಶ್ವಥ್ ಅವರದು ಅಂದುಕೊಂಡಿರುತ್ತಾರೆ. ನಿಸಾರ್ ಅಹಮದ್ ಅವರ 'ನಿತ್ಯೋತ್ಸವ' ಅನಂತಸ್ವಾಮಿ ಅವರದು. ಒಬ್ಬರನ್ನು ನೆನೆಯುವ ಭರದಲ್ಲಿ ಇನ್ನೊಬ್ಬರದನ್ನು ಕಿತ್ತುಕೊಳ್ಳಬಾರದು, ಅಲ್ವಾ? ಈ ಮೂರು ಹೆಸರನ್ನು ದಪ್ಪ ಅಕ್ಷರದಲ್ಲಿ ಕಾರ್ಡಿನ ಮೇಲೆ ಬರೆದು ಮಕ್ಕಳ ಕೈಗೆ ಕೊಡಿ. ಓದುವುದು ಅವರ ಕೆಲಸ.

ಹಾಡುವುದಕ್ಕೆ ಗಾಯಕರನ್ನು ಹುಡುಕಬೇಡಿ. ಸ್ಪೀಕರ್ ಹಾಕಿ ಕೇಳುವುದಂತೂ ಬೇಡವೇ ಬೇಡ. ಅದನ್ನು ಉಳಿದ ದಿನವೆಲ್ಲ ಮಾಡುತ್ತೇವಲ್ಲ. ಬಂದವರೇ ಹಾಡಲಿ. ಆದರೆ ಶ್ರುತಿ ನೋಡಿಕೊಳ್ಳಿ. ಅಶ್ವಥ್ ಅವರ ಹಾಡು ಕೆಳಗಿನಿಂದ ಮೆಲ್ಲಗೆ ಹೊರಟು ಚರಣಕ್ಕೆ ಬಂದಾಗ ಆಕಾಶಕ್ಕೆ ಏರುತ್ತದೆ. ಪಲ್ಲವಿ ಸುಲಭ ಅಂತ ಶುರು ಮಾಡಿದವರು ಅಲ್ಲಿ ಸಿಕ್ಕಿಕೊಳ್ಳುತ್ತಾರೆ. ಅದಕ್ಕೇ ಹಾಡಿನ ಎಲ್ಲಕ್ಕಿಂತ ಎತ್ತರದ ಸಾಲನ್ನು ಮೊದಲು ಹಾಡಿ ನೋಡಿ. ಅದು ಆರಾಮಾಗಿ ಬರುವ ಶ್ರುತಿಯೇ ನಿಮ್ಮದು. ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಗಂಡಸರಿಗೆ ಸಾಮಾನ್ಯವಾಗಿ ಒಂದು, ಒಂದೂವರೆ ಮನೆ (ಸಿ, ಸಿ ಶಾರ್ಪ್). ಹೆಂಗಸರಿಗೆ ಐದು, ಐದೂವರೆ (ಜಿ, ಜಿ ಶಾರ್ಪ್). ಫೋನಿನಲ್ಲಿ ತಂಬೂರಿ ಆ್ಯಪ್ ಹಾಕಿಕೊಂಡರೂ ನಡೆಯುತ್ತದೆ. ಹಾರ್ಮೋನಿಯಂ ಸಿಕ್ಕರೆ ಹಬ್ಬ.

ಹಾಡಿನ ನಡುವೆ ಹಿರಿಯರನ್ನು ಮಾತಾಡಿಸಿ. "ಅಶ್ವಥ್ ಬಗ್ಗೆ ನಾಲ್ಕು ಮಾತು ಹೇಳಿ" ಅಂದರೆ ಭಾಷಣ ಬರುತ್ತದೆ. "ಈ ಹಾಡನ್ನು ಮೊದಲು ಎಲ್ಲಿ ಕೇಳಿದ್ರಿ?" ಅಂತ ಕೇಳಿ. ಎದುರು ಮನೆಯ ಅಜ್ಜ 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದ 'ಕನ್ನಡವೇ ಸತ್ಯ' ಕಾರ್ಯಕ್ರಮಕ್ಕೆ ಹೋಗಿದ್ದವರು. ಸುತ್ತಮುತ್ತ ತಲೆಗಳೇ ತಲೆಗಳು, ವೇದಿಕೆ ಎಲ್ಲೋ ದೂರದಲ್ಲಿ, ದನಿ ಮಾತ್ರ ಪಕ್ಕದಲ್ಲೇ ಇದ್ದಂತೆ ಅಂತ ಕೈ ಅಗಲಿಸಿ ತೋರಿಸಿದರು. ಭಾವಗೀತೆ ಕೇಳಲು ಅಷ್ಟು ಜನ ಸೇರಿದ್ದರು ಎಂಬುದನ್ನು ನಮ್ಮ ಹುಡುಗರು ಅವತ್ತು ನಂಬಿದರು.

ಕ್ಯಾಸೆಟ್ಟುಗಳ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಅಪ್ಪ ರೇಡಿಯೋದಿಂದ ಹಾಡು ರೆಕಾರ್ಡ್ ಮಾಡಿಕೊಳ್ಳುತ್ತಿದ್ದರು. ಪ್ರತಿ ಹಾಡಿಗೂ ಮುಂಚೆ ತಮ್ಮ ದನಿಯಲ್ಲಿ ತಾರೀಕು, ಕವಿ, ರಾಗ ಹಾಕಿದವರು, ಹಾಡಿದವರ ಹೆಸರು ಹೇಳುತ್ತಿದ್ದರು. ಮೂರು ಹೆಸರಿನ ಪದ್ಧತಿ ನನಗೆ ಬಂದದ್ದು ಅಲ್ಲಿಂದಲೇ. ಅವರು ಹೋದ ಮೇಲೆ ಒಂದು ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಹಾಕಿಸಲು ಒಂದು ಅಂಗಡಿಗೆ ಕೊಟ್ಟೆ. ಹಾಡು ಮಾತ್ರ ಉಳಿಸಿ ಮಾತನ್ನೆಲ್ಲ ಕತ್ತರಿಸಿದ್ದರು. ಮೂಲ ಟೇಪು ಸುಕ್ಕಾಗಿ ವಾಪಸ್ ಬಂತು. ಅವತ್ತು ಅಂಗಡಿಯ ಮೆಟ್ಟಿಲ ಮೇಲೆ ಕೂತು ಅತ್ತಿದ್ದೇನೆ.

ಆಮೇಲೆ ನಾನೇ ಕಲಿತೆ. ನೀವೂ ಕಲಿಯಬಹುದು, ಕಷ್ಟವಿಲ್ಲ. ಮೊದಲು ಕ್ಯಾಸೆಟ್ಟಿನ ಮೇಲಂಚಿನ ಎರಡು ಪುಟ್ಟ ಪ್ಲಾಸ್ಟಿಕ್ ಹಲ್ಲು ಮುರಿದುಬಿಡಿ, ಆಗ ತಪ್ಪಿಯೂ ಅದರ ಮೇಲೆ ಬೇರೆ ರೆಕಾರ್ಡ್ ಆಗುವುದಿಲ್ಲ. ಬೂಷ್ಟು ಕಂಡರೆ ಟೇಪ್ ಹಾಕಲೇಬೇಡಿ, ಪ್ಲೇಯರ್ ಮೂಲಕ ಉಳಿದವಕ್ಕೂ ಹರಡುತ್ತದೆ. ಟೇಪಿನ ಹಿಂದೆ ಪುಟ್ಟ ಮೆತ್ತೆಯಿರುತ್ತದೆ, ಅದು ಬಿದ್ದುಹೋಗಿದ್ದರೆ ದನಿ ಮಂಕಾಗುತ್ತದೆ. ಪ್ಲೇಯರಿನ ಹೆಡ್ ಅನ್ನು, ಅಂದರೆ ಟೇಪು ತಾಗಿ ಹಾಯುವ ಲೋಹದ ಭಾಗವನ್ನು, ಐಸೋಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹತ್ತಿಯಿಂದ ಒರೆಸಿ. ಒಮ್ಮೆ ಪೂರ್ತಿ ಮುಂದಕ್ಕೆ, ಪೂರ್ತಿ ಹಿಂದಕ್ಕೆ ಸುತ್ತಿ, ಅಂಟಿಕೊಂಡ ಟೇಪು ಸಡಿಲವಾಗಲಿ. ಪ್ಲೇಯರಿನಿಂದ ಕಂಪ್ಯೂಟರಿಗೆ ವೈರ್ ಕೊಟ್ಟು, ಆಡಾಸಿಟಿಯಂಥ ಉಚಿತ ಸಾಫ್ಟ್‌ವೇರಿನಲ್ಲಿ ರೆಕಾರ್ಡ್ ಮಾಡಿ. ವೇವ್ ಫೈಲಾಗಿ ಒಂದು ಪ್ರತಿ ಮುಟ್ಟದೆ ಇಡಿ. ಎಂಪಿ3 ಬೇಕಾದರೆ ಅದರಿಂದ ಮಾಡಿಕೊಳ್ಳಿ. ಗೊರಗೊರ ಸದ್ದು, ಕೆಮ್ಮು, ಪ್ರೆಶರ್ ಕುಕ್ಕರ್ ಸೀಟಿ, ಏನನ್ನೂ ಅಳಿಸಬೇಡಿ. 60 ನಿಮಿಷದ ಕ್ಯಾಸೆಟ್ಟಿಗೆ 60 ನಿಮಿಷವೇ ಬೇಕು, ಬೇಗ ಮುಗಿಸುವ ದಾರಿಯಿಲ್ಲ. ಕೂತು ಕೇಳಿ.

ಉಳಿದದ್ದು ಸಣ್ಣಪುಟ್ಟದ್ದು. ಮೈಸೂರಿನ ಡಿಸೆಂಬರ್ ಚಳಿಗೆ ಗಂಟಲು ಕಟ್ಟುತ್ತದೆ, ಐದೂವರೆಗೇ ಶುರು ಮಾಡಿ. ಬಿಸಿನೀರಿನ ಫ್ಲಾಸ್ಕ್ ಇರಲಿ. ಮೈಕ್ ಹಾಕಿದರೆ ರಾತ್ರಿ 10ಕ್ಕೆ ನಿಲ್ಲಿಸಲೇಬೇಕು. ಇಪ್ಪತ್ತು ಜನಕ್ಕೆ ಮೈಕ್ ಯಾಕೆ? ಯಾರು ಯಾವ ಹಾಡು ಹಾಡಿದರು ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ.

ಸ್ಪೀಕರ್ ಬೇಡ ಅಂದೆನಲ್ಲ, ನಮ್ಮಲ್ಲಿ ಒಂದೇ ಒಂದು ಸಲ ಹಾಕುತ್ತೇವೆ. ಕೊನೆಯ ಹಾಡಿಗೆ ಮುಂಚೆ. ಇನ್ನೊಂದು ಕ್ಯಾಸೆಟ್ಟಿನಲ್ಲಿ ಉಳಿದ ಹನ್ನೆರಡು ಸೆಕೆಂಡಿನ ತುಣುಕು ಅದು. ಅಪ್ಪ ಗಂಟಲು ಸರಿಮಾಡಿಕೊಳ್ಳುತ್ತಾರೆ. "ರಚನೆ ಶಿಶುನಾಳ ಶರೀಫ್ ಸಾಹೇಬರು. ರಾಗ ಸಂಯೋಜನೆ, ಗಾಯನ ಸಿ. ಅಶ್ವಥ್" ಅನ್ನುತ್ತಾರೆ. ಅಲ್ಲಿಗೆ ಸ್ಪೀಕರ್ ಆರಿಸುತ್ತೇವೆ. ಹಾಡು ನಾವು ಶುರು ಮಾಡುತ್ತೇವೆ.