ಆಟಿಯ ಮಳೆಯಲ್ಲಿ ಕೆಸರು ಒಣಗಿಸಲು ಹೋಗಿ

ಮಂಗಳೂರಿನ ಒಂದು ಕೊಳಚೆನೀರು ಶುದ್ಧೀಕರಣ ಘಟಕಕ್ಕೆ ನಾನು ಸೇರಿದ್ದು ಮಾರ್ಚ್ ತಿಂಗಳಲ್ಲಿ. ಕೊಳಚೆನೀರನ್ನು ಶುದ್ಧಮಾಡುವಾಗ ಉಳಿಯುವ ನೀರುನೀರಾದ ಕೆಸರನ್ನು ಮರಳಿನ ಹಾಸಿನ ಮೇಲೆ ಗೇಣು ದಪ್ಪ ಬಿಟ್ಟರೆ ಹತ್ತು ಹನ್ನೆರಡು ದಿನಗಳಲ್ಲಿ ಬಿರುಕೊಡೆದು ಹೆಂಟೆ ಹೆಂಟೆಯಾಗಿ ಏಳುತ್ತಿತ್ತು. ಇಷ್ಟು ಸುಲಭವೇ ಎಂದುಕೊಂಡಿದ್ದೆ.

ಜೂನ್ ಬಂತು. ವರ್ಷಕ್ಕೆ 3,500 ಮಿಲಿಮೀಟರ್ ದಾಟಿ ಮಳೆ ಸುರಿಯುವ ಊರು ಇದು. ತುಳುವರ ಆಟಿ ತಿಂಗಳಿಗೆ, ಅಂದರೆ ಜುಲೈ-ಆಗಸ್ಟ್ ಹೊತ್ತಿಗೆ, ಹಾಸುಗಳಲ್ಲಿ ಕಪ್ಪೆಗಳು ಸಂಸಾರ ಹೂಡಿದವು. ಕೆಸರಿಗೆ ರಜೆಯಿಲ್ಲ, ದಿನವೂ ತೆಗೆಯದಿದ್ದರೆ ತೊಟ್ಟಿಯಲ್ಲಿ ಹೆಚ್ಚುತ್ತಾ ಹೋಗುತ್ತದೆ. ಮ್ಯಾನ್‌ಹೋಲ್‌ಗಳಿಗೆ ಮಳೆನೀರು ನುಗ್ಗಿದ ಒಂದು ರಾತ್ರಿ ಆ ಕೆಸರು, ಅದನ್ನು ತಳಕ್ಕಿಳಿಸುವ ತೊಟ್ಟಿಯಾದ ಕ್ಲಾರಿಫೈಯರ್ ದಾಟಿ, ಶುದ್ಧವಾದ ನೀರಿನ ಜೊತೆಗೇ ಹೊರಟುಬಿಟ್ಟಿತು.

ಮೂಲೆಯಲ್ಲಿ ಕೆಸರನ್ನು ಗಿರಗಿರ ತಿರುಗಿಸಿ ನೀರು ಬೇರ್ಪಡಿಸುವ ಸೆಂಟ್ರಿಫ್ಯೂಜ್ ಇತ್ತು. ನಡೆಸಿದರೆ ಹೊರಬರುವ ನೀರೂ ಕಪ್ಪು. ಯಂತ್ರವೇ ಕೆಟ್ಟಿದೆ ಎಂದು ಎಲ್ಲರೂ ಕೈಬಿಟ್ಟಿದ್ದರು. ತಪ್ಪು ಯಂತ್ರದ್ದಲ್ಲ, ಕೆಸರಿನ ಕಣಗಳನ್ನು ಒಟ್ಟುಗೂಡಿಸುವ ಪುಡಿಯಾದ ಪಾಲಿಮರನ್ನು ನೀರಿಗೆ ಕಲಸುವ ನಮ್ಮ ಕೈಯದು. ಪುಡಿಯನ್ನು ಒಮ್ಮೆಗೇ ಸುರಿಯುತ್ತಿದ್ದೆವು. ಒಳಗೆ ಒಣಪುಡಿ, ಹೊರಗೆ ಲೋಳೆಯಿರುವ ಉಂಡೆಗಳಾಗಿ ತೇಲುತ್ತಿತ್ತು. ಇದಕ್ಕೆ ಮೀನುಗಣ್ಣು ಎನ್ನುತ್ತಾರೆ. ಬಂದರಿನ ಊರಿನವನಿಗೆ ಆ ಹೆಸರನ್ನು ವಿವರಿಸಬೇಕಾಗಲಿಲ್ಲ.

ಆಮೇಲೆ 1,000 ಲೀಟರ್ ನೀರಿಗೆ ಒಂದು ಕಿಲೋ ಲೆಕ್ಕದಲ್ಲಿ, ತಿರುಗುವ ನೀರಿಗೆ ರಂಗೋಲಿ ಪುಡಿಯಂತೆ ಉದುರಿಸಿ, ಒಂದು ಗಂಟೆ ಹದವಾಗಲು ಬಿಟ್ಟೆ. ಎಷ್ಟು ಬೇಕೆಂದು ನೋಡಲು ಎರಡು ಲೋಟ ಸಾಕು. ಕೆಸರಿಗೆ ದ್ರಾವಣ ಬೆರೆಸಿ, ಚಹಾ ಆರಿಸುವ ಹಾಗೆ ಅತ್ತಿಂದಿತ್ತ ಹೊಯ್ಯುತ್ತೇನೆ. ಒಡೆದ ಹಾಲಿನಂತೆ ಗರಣೆ ಕಟ್ಟಿ, ನಡುವೆ ತಿಳಿನೀರು ಕಂಡರೆ ಸರಿ. ಬೆರಳಿಗೆ ದಾಸವಾಳದ ಎಲೆಯ ಲೋಳೆಯಂತೆ ಅಂಟಿದರೆ ಹೆಚ್ಚಾಗಿದೆ. ಕಡಿಮೆಯಾದರೆ ಮರುದಿನ ಸರಿಮಾಡಬಹುದು. ಹೆಚ್ಚಾದರೆ ದುಡ್ಡೂ ಹಾಳು, ಅದೇ ಕೆಸರನ್ನು ಮರಳಿನ ಹಾಸಿನ ಮೇಲೆ ಬಿಟ್ಟರೆ ಮರಳೂ ಕಟ್ಟಿಕೊಳ್ಳುತ್ತದೆ. ಒಂದು ಹಾಸಿನ ಮೇಲ್ಮರಳನ್ನು ಪೂರ್ತಿ ಕೆರೆಸಿದ ಮೇಲೆಯೇ ನನಗೆ ಇದು ತಲೆಗೆ ಹೋದದ್ದು.

ಶೇಕಡಾ 1ರಷ್ಟು ಘನಾಂಶವಿರುವ 20,000 ಲೀಟರ್ ಕೆಸರು ನೀರು ಹೋಗಿ ಶೇಕಡಾ 20ರ ಗಟ್ಟಿ ಮುದ್ದೆ (ಕೇಕ್) ಆದರೆ ಉಳಿಯುವುದು ಒಂದೇ ಟನ್. ಅದನ್ನು ಮಾಡಿನ ಕೆಳಗೆ ತೆಂಗಿನ ನಾರಿನ ಪುಡಿ, ಒಣ ಎಲೆಗಳೊಂದಿಗೆ ಗೊಬ್ಬರವಾಗಲು ರಾಶಿ ಹಾಕುತ್ತೇವೆ. ಒಳಬಿಸಿ 55 ಡಿಗ್ರಿ ದಾಟಿ ಹದಿನೈದು ದಿನ ನಿಲ್ಲಬೇಕು, ಅಷ್ಟರಲ್ಲಿ ಐದು ಬಾರಿ ಮಗುಚಬೇಕು. ರೋಗಾಣುಗಳು ಸಾಯುವುದು ಹೀಗೆ. ಭಾರಲೋಹಗಳು ಹಾಗೆಯೇ ಉಳಿಯುತ್ತವೆ, ಅವಕ್ಕೆ ಪ್ರಯೋಗಾಲಯದ ಪರೀಕ್ಷೆಯೇ ಬೇಕು. ವರದಿ ಸರಿಯಿದ್ದರೂ ಬಸಳೆ, ಹರಿವೆ ಬೆಳೆಯುವವರಿಗೆ ನಾನು ಕೊಡುವುದಿಲ್ಲ. ತೆಂಗಿನ ಬುಡಕ್ಕಾದರೆ ಆಗಬಹುದು.

ಇನ್ನೊಂದು ಮಾತು: ನೆಲಕ್ಕೆ ಚೆಲ್ಲಿದ ಪಾಲಿಮರ್ ಪುಡಿಗೆ ನೀರು ಹಾಕಬೇಡಿ, ಒದ್ದೆಯಾದರೆ ನೆಲ ಜಾರುತ್ತದೆ, ಒಣದಾಗಿಯೇ ಗುಡಿಸಿ. ನನ್ನ ಮೊಣಕೈಯ ಗಾಯದ ಕಲೆ ಇನ್ನೂ ಹೋಗಿಲ್ಲ.