ಹಬೆಯಲ್ಲಿ ಬೆಂದ ಸಂಜೆಯ ತಿಂಡಿ: ತರಕಾರಿಯ ನೀರಿನ ಹದ ಹಿಡಿಯುವ ಬಗೆ

ಡೊಂಬಿವಲಿ, ಮುಲುಂಡ್, ಮೀರಾ ರೋಡ್‌ನಂಥ ಮುಂಬಯಿ ಕಡೆಯ ಉಪನಗರಗಳಿಂದ ದುಡಿಯಲು ಹೋಗಿ, ಸಂಜೆಯ ಲೋಕಲ್‌ನಲ್ಲಿ ನಿಂತುಕೊಂಡೇ ಮನೆಗೆ ಮರಳುವವರಿಗೆ ಹಸಿವು ಕಾಡುವುದು ರಾತ್ರಿಯ ಊಟಕ್ಕೆ ಒಂದೆರಡು ಗಂಟೆ ಮೊದಲು. ಶಾಲೆ, ಟ್ಯೂಷನ್ ಮುಗಿಸಿ ಬಂದ ಮಕ್ಕಳೂ ಅದೇ ಹೊತ್ತಿಗೆ ‘ತಿನ್ನಲು ಏನಿದೆ’ ಎಂದು ಕೇಳುತ್ತಾರೆ. ಸ್ಟೇಷನ್ನಿನ ಹೊರಗೆ ಬಿಸಿ ವಡಾಪಾವ್ ಕೈಗೆ ಸಿಗುವಾಗ ಮನೆಯಲ್ಲಿ ಆ ಹೊತ್ತಿನಲ್ಲಿ ಸೊಪ್ಪು ಬಿಡಿಸಿ, ತೊಳೆದು, ಹೆಚ್ಚುವ ತಾಳ್ಮೆ ಯಾರಿಗೂ ಇರುವುದಿಲ್ಲ. ಹೀಗಾಗಿ ದಿನದ ತರಕಾರಿಯ ಪಾಲು ಊಟದ ಒಂದು ಸಣ್ಣ ಪಲ್ಯಕ್ಕೆ ಸೀಮಿತವಾಗಿಬಿಡುತ್ತದೆ. ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು ಮತ್ತು ತರಕಾರಿ ತಿನ್ನಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆ ಲೆಕ್ಕದಲ್ಲಿ ಆಲೂಗಡ್ಡೆ, ಗೆಣಸುಗಳಂಥ ಪಿಷ್ಟದ ಗೆಡ್ಡೆಗಳು ಸೇರುವುದಿಲ್ಲವಾದ್ದರಿಂದ, ವಡಾಪಾವ್‌ನೊಳಗಿನ ಪಲ್ಯವನ್ನು ತರಕಾರಿಯೆಂದು ಎಣಿಸಿ ಸಮಾಧಾನ ಪಡುವಂತಿಲ್ಲ.

ಇದಕ್ಕೆ ನಾನು ಕಂಡುಕೊಂಡ ದಾರಿ ಹಬೆಯ ತಿಂಡಿಗಳದ್ದು. ಭಾನುವಾರ ಬೆಳಿಗ್ಗೆ ಒಂದು ಗಂಟೆ ಕೊಟ್ಟು ಬೇಯಿಸಿ ಫ್ರಿಜ್ಜಿನಲ್ಲಿಟ್ಟರೆ, ಬುಧವಾರದವರೆಗೂ ಸಂಜೆ ಹತ್ತು ನಿಮಿಷದಲ್ಲಿ ಕಾವಲಿಯ ಮೇಲೆ ಬಿಸಿ ಮಾಡಿ ಕೊಡಬಹುದು. ನೀರಿನಲ್ಲಿ ಕುದಿಸಿದಾಗ ಸಿ ಮತ್ತು ಬಿ ಜೀವಸತ್ವಗಳ ಒಂದಷ್ಟು ಭಾಗ ಆ ನೀರಿಗೆ ಇಳಿದುಹೋಗುತ್ತದೆ, ಹಬೆಯಲ್ಲಿ ಆ ನಷ್ಟ ಕಡಿಮೆ. ಕರಿಯುವ ಎಣ್ಣೆಯೂ ಉಳಿಯುತ್ತದೆ. ಇವುಗಳನ್ನು ಮಾಡಹೊರಟ ಅನೇಕರು ‘ಹಿಟ್ಟು ಅಂಟಂಟಾಯಿತು, ಕತ್ತರಿಸಿದರೆ ಪುಡಿಯಾಯಿತು’ ಎಂದು ಬೇಸತ್ತು ಬಿಟ್ಟುಬಿಡುವುದನ್ನು ನೋಡಿದ್ದೇನೆ. ಆ ಸೋಲಿಗೆಲ್ಲ ಹೆಚ್ಚಾಗಿ ಕಾರಣವಾಗುವುದು ನೀರು.

ನೀರಿನ ಲೆಕ್ಕ

ತರಕಾರಿಗೆ ಉಪ್ಪು ತಾಗಿದೊಡನೆ ಅದರೊಳಗಿನ ನೀರು ಹೊರಗೆ ಬರತೊಡಗುತ್ತದೆ. ಸೋರೆಕಾಯಿಯ ತೂಕದಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಪಾಲು ನೀರೇ. ಸೊಪ್ಪುಗಳಲ್ಲಿಯೂ ಬಹುಪಾಲು ಅಷ್ಟೇ. ಚಪಾತಿ ಹಿಟ್ಟಿನ ಅಭ್ಯಾಸದಲ್ಲಿ ನಾವು ಹಿಟ್ಟು, ತರಕಾರಿ, ಉಪ್ಪು ಎಲ್ಲವನ್ನೂ ಒಟ್ಟಿಗೆ ಹಾಕಿ, ಒಣಗಿದಂತೆ ಕಂಡ ಕೂಡಲೇ ಅರ್ಧ ಲೋಟ ನೀರು ಸುರಿದುಬಿಡುತ್ತೇವೆ. ಐದು ನಿಮಿಷ ಕಳೆಯುವಷ್ಟರಲ್ಲಿ ತರಕಾರಿ ತನ್ನ ನೀರನ್ನೂ ಬಿಡುತ್ತದೆ, ಹಿಟ್ಟು ತೆಳುವಾಗುತ್ತದೆ. ಆಗ ಮತ್ತಷ್ಟು ಕಡಲೆಹಿಟ್ಟು ಸೇರಿಸಬೇಕಾಗುತ್ತದೆ. ಕೊನೆಗೆ ತಟ್ಟೆಯಲ್ಲಿ ಉಳಿಯುವುದು ಸೊಪ್ಪಿನ ಬಣ್ಣದ ಹಿಟ್ಟಿನ ತುಂಡು. ಆದ್ದರಿಂದ ಮೊದಲು ತರಕಾರಿಗೆ ಉಪ್ಪು ಹಚ್ಚಿ ಹತ್ತು ನಿಮಿಷ ಬಿಡಬೇಕು, ಅದು ಬಿಟ್ಟ ನೀರಿನಲ್ಲಿಯೇ ಹಿಟ್ಟನ್ನು ಕಲಸಬೇಕು, ಹೊರಗಿನ ನೀರನ್ನು ಎಲ್ಲಕ್ಕಿಂತ ಕೊನೆಗೆ, ಬೇಕಾದರೆ ಮಾತ್ರ, ಚಮಚದ ಲೆಕ್ಕದಲ್ಲಿ ಚಿಮುಕಿಸಬೇಕು. ಕೆಳಗಿನ ತಿಂಡಿಗಳೆಲ್ಲ ಈ ನೀರಿನ ಹದದ ಮೇಲೆಯೇ ನಿಂತಿವೆ.

ಕೊತ್ತಂಬರಿ ವಡಿ

ಮಹಾರಾಷ್ಟ್ರದ ಈ ತಿಂಡಿ ಮುಂಬಯಿ, ಪುಣೆಗಳ ಕನ್ನಡಿಗರ ಮನೆಗಳಲ್ಲಿಯೂ ಬೇರೂರಿದೆ. ನಾಲ್ವರಿಗೆ ಸಾಕಾಗುವಷ್ಟಕ್ಕೆ ಒಂದು ದೊಡ್ಡ ಕಟ್ಟು ಕೊತ್ತಂಬರಿ ಸೊಪ್ಪು ಬೇಕು. ಹೆಚ್ಚಿದ ಮೇಲೆ ಒತ್ತಿ ಅಳೆದರೆ ಎರಡು ಕಪ್ ಆಗಬೇಕು. ಅದಕ್ಕೆ ಒಂದು ಕಪ್ ಕಡಲೆಹಿಟ್ಟು, ಎರಡು ದೊಡ್ಡ ಚಮಚ ಅಕ್ಕಿಹಿಟ್ಟು, ಒಂದು ದೊಡ್ಡ ಚಮಚ ಬಿಳಿ ಎಳ್ಳು, ಎರಡು ಹಸಿಮೆಣಸು, ಅರ್ಧ ಇಂಚು ಶುಂಠಿ, ಅರ್ಧ ಟೀ ಚಮಚ ಜೀರಿಗೆ, ಕಾಲು ಟೀ ಚಮಚ ಅರಿಸಿನ, ಮುಕ್ಕಾಲು ಟೀ ಚಮಚ ಉಪ್ಪು, ಎರಡು ಟೀ ಚಮಚ ಎಣ್ಣೆ ಮತ್ತು ಅರ್ಧ ನಿಂಬೆಹಣ್ಣು.

ಸೊಪ್ಪನ್ನು ಹೆಚ್ಚುವ ಮೊದಲೇ ತೊಳೆಯಬೇಕು. ಮಣ್ಣು ಪೂರ್ತಿ ಹೋಗುವವರೆಗೆ ಮೂರು ನಾಲ್ಕು ಸಲ ನೀರು ಬದಲಿಸಿ ತೊಳೆದು, ಹತ್ತಿಯ ಪಂಚೆಯ ಮೇಲೆ ಹರವಿ ಫ್ಯಾನಿನ ಕೆಳಗೆ ಅರ್ಧ ಗಂಟೆ ಬಿಡಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಬಯಿಯ ಗಾಳಿಯೇ ಒದ್ದೆಯಾಗಿರುವುದರಿಂದ ಒಂದು ಗಂಟೆ ಬಿಟ್ಟರೂ ತಪ್ಪಿಲ್ಲ. ಎಳೆಯ ದಂಟುಗಳನ್ನು ಎಸೆಯಬೇಡಿ, ಪರಿಮಳ ಅವುಗಳಲ್ಲಿಯೇ ಹೆಚ್ಚು. ಸಣ್ಣಗೆ ಹೆಚ್ಚಿದ ಸೊಪ್ಪಿಗೆ ಉಪ್ಪು, ಜಜ್ಜಿದ ಮೆಣಸು ಮತ್ತು ಶುಂಠಿ, ಜೀರಿಗೆ, ಅರಿಸಿನ, ನಿಂಬೆರಸ ಸೇರಿಸಿ ಕೈಯಿಂದ ಹಗುರವಾಗಿ ಹಿಸುಕಿ ಹತ್ತು ನಿಮಿಷ ಮುಚ್ಚಿಡಿ. ಅನಂತರ ಜರಡಿ ಹಿಡಿದ ಕಡಲೆಹಿಟ್ಟು, ಅಕ್ಕಿಹಿಟ್ಟು, ಎಳ್ಳು, ಎಣ್ಣೆ ಹಾಕಿ ಕಲಸಿ. ಮೊದಲ ಎರಡು ನಿಮಿಷ ಇದು ಎಂದಿಗೂ ಒಂದಾಗದೆಂಬಂತೆ ಉದುರುದುರಾಗಿ ಕಾಣುತ್ತದೆ. ಆಗ ನೀರಿಗೆ ಕೈ ಚಾಚದೆ ಒತ್ತಿ ಒತ್ತಿ ಕಲಸುತ್ತಾ ಹೋದರೆ ಸೊಪ್ಪು ತಾನೇ ಹಿಟ್ಟನ್ನು ಹಿಡಿದುಕೊಳ್ಳುತ್ತದೆ. ಮುಷ್ಟಿಯಲ್ಲಿ ಹಿಡಿದರೆ ಆಕಾರ ನಿಲ್ಲಬೇಕು, ಬೆರಳಿಗೆ ಹೆಚ್ಚು ಅಂಟಬಾರದು. ಅಷ್ಟಾಗದಿದ್ದರೆ ಮಾತ್ರ ಎರಡರಿಂದ ನಾಲ್ಕು ಟೀ ಚಮಚ ನೀರು ಚಿಮುಕಿಸಿ.

ಕೈಗೆ ಎಣ್ಣೆ ಸವರಿಕೊಂಡು ಒಂದೂವರೆ ಇಂಚು ದಪ್ಪದ ಎರಡು ಉರುಳೆಗಳನ್ನು ಮಾಡಿ, ಎಣ್ಣೆ ಹಚ್ಚಿದ ತಟ್ಟೆಯಲ್ಲಿಟ್ಟು, ನೀರು ಕುದಿಯುತ್ತಿರುವ ಇಡ್ಲಿ ಪಾತ್ರೆಯೊಳಗೆ ಇಡಿ. ನೀರು ಕುದಿಯುವ ಮೊದಲೇ ಇಟ್ಟರೆ ಉರುಳೆ ಬೇಯುವ ಮುನ್ನ ತೇವ ಹೀರಿ ಚಪ್ಪಟೆಯಾಗುತ್ತದೆ. ಮುಚ್ಚಳಕ್ಕೆ ತೆಳುವಾದ ಬಟ್ಟೆ ಕಟ್ಟುವುದನ್ನು ಮರೆಯಬೇಡಿ, ಮುಚ್ಚಳದಿಂದ ತೊಟ್ಟಿಕ್ಕುವ ಹನಿಗಳು ತಿಂಡಿಯ ಮೈಯನ್ನು ಹಾಳುಮಾಡುತ್ತವೆ. ಬಟ್ಟೆಯ ಅಂಚುಗಳನ್ನು ಮೇಲಕ್ಕೆ ಎತ್ತಿ ಗಂಟು ಹಾಕಿದರೆ ಬೆಂಕಿಗೆ ತಾಗುವ ಭಯವಿಲ್ಲ. ಮಧ್ಯಮ ಉರಿಯಲ್ಲಿ 15ರಿಂದ 20 ನಿಮಿಷ ಬೆಂದ ಮೇಲೆ ಚಾಕುವಿನ ಮೊನೆ ಚುಚ್ಚಿ ನೋಡಿ. ಹಸಿ ಹಿಟ್ಟು ಅಂಟದೆ ಬಂದರೆ ಇಳಿಸಿ.

ಇನ್ನು ಮುಂದಿನದು ಕಾಯುವ ಕೆಲಸ. ಕಡಲೆಹಿಟ್ಟಿನ ಪ್ರೋಟೀನ್ ಮತ್ತು ಪಿಷ್ಟ ಬಿಸಿಗೆ ಬೆಂದು ಬಲೆಯಂತೆ ಹೆಣೆದುಕೊಂಡಿರುತ್ತವೆ, ಆ ಹೆಣಿಗೆ ಗಟ್ಟಿಯಾಗುವುದು ತಣಿದ ಮೇಲೆ. ಬಿಸಿಯಿರುವಾಗಲೇ ಕತ್ತರಿಸಿದರೆ ವಡಿ ಪುಡಿಯಾಗುವುದು ಈ ಕಾರಣಕ್ಕೆ. ಪೂರ್ತಿ ತಣಿದ ಉರುಳೆಯನ್ನು ಅರ್ಧ ಇಂಚಿನ ಬಿಲ್ಲೆಗಳಾಗಿ ಕತ್ತರಿಸಿ, ಕಾವಲಿಗೆ ಎರಡು ಟೀ ಚಮಚ ಎಣ್ಣೆ ಹಾಕಿ, ಎರಡೂ ಬದಿ ಕೆಂಪಗಾಗುವಂತೆ ನಿಧಾನವಾಗಿ ಕಾಯಿಸಿ. ಹೋಟೆಲುಗಳಲ್ಲಿ ಇದನ್ನು ಕರಿದು ಕೊಡುತ್ತಾರೆ. ಎಳ್ಳಿನ ಗರಿಗರಿ ಕಾವಲಿಯಲ್ಲಿಯೂ ಅಷ್ಟೇ ಚೆನ್ನಾಗಿ ಬರುತ್ತದೆಂದು ನಾನು ಧೈರ್ಯವಾಗಿ ಹೇಳಬಲ್ಲೆ.

ಮಳೆಗಾಲದಲ್ಲಿ ಕೊತ್ತಂಬರಿಯ ಬೆಲೆ ಏರಿದಾಗ ಇದೇ ಅಳತೆಯಲ್ಲಿ ಎಲೆಕೋಸನ್ನು ತುರಿದು ಹಾಕಬಹುದು. ಎಲೆಕೋಸು ಹೆಚ್ಚು ನೀರು ಬಿಡುವುದರಿಂದ ಹೊರಗಿನ ನೀರು ಒಂದು ಹನಿಯೂ ಬೇಡ. ಮೆಂತ್ಯ ಸೊಪ್ಪು ಸೇರಿಸುವುದಾದರೆ ಒಟ್ಟು ಸೊಪ್ಪಿನ ಕಾಲು ಭಾಗ ಮೀರದಿರಲಿ, ಕಹಿಯಾದರೆ ಮಕ್ಕಳು ಎರಡನೆಯ ಸಲ ಮುಟ್ಟುವುದಿಲ್ಲ.

ಸೋರೆಕಾಯಿ ಮುಠಿಯಾ

ಕಾಂದಿವಲಿ, ಘಾಟ್ಕೋಪರ್‌ಗಳ ಗುಜರಾತಿ ನೆರೆಮನೆಗಳಿಂದ ನಮ್ಮ ಅಡುಗೆಮನೆಗೆ ಬಂದ ತಿಂಡಿಯಿದು. ‘ದೂಧಿ’ ಎಂದರೆ ಮುಖ ಸಿಂಡರಿಸುವ ಮಕ್ಕಳಿಗೆ ಇದರಲ್ಲಿ ಸೋರೆಕಾಯಿ ಇರುವುದೇ ತಿಳಿಯುವುದಿಲ್ಲ. ಸಿಪ್ಪೆ ತೆಗೆದ ಕೂಡಲೇ ಒಂದು ಸಣ್ಣ ಚೂರನ್ನು ಬಾಯಿಗೆ ಹಾಕಿ ನೋಡುವುದು ಇಲ್ಲಿ ತಪ್ಪಿಸಬಾರದ ಹೆಜ್ಜೆ. ಕಹಿಯಾಗಿದ್ದರೆ ಇಡೀ ಕಾಯಿಯನ್ನು ಎಸೆದುಬಿಡಿ. ಆ ಕಹಿಗೆ ಕಾರಣವಾದ ಕುಕುರ್ಬಿಟಾಸಿನ್ ಎಂಬ ವಸ್ತು ವಿಷಕಾರಿ. ಬೇಯಿಸಿದರೂ ಹೋಗುವುದಿಲ್ಲ, ವಾಂತಿ, ರಕ್ತಭೇದಿಯವರೆಗೂ ಕೊಂಡೊಯ್ಯಬಲ್ಲದು.

ಎರಡು ಕಪ್ ತುರಿದ ಸೋರೆಕಾಯಿಗೆ ಮುಕ್ಕಾಲು ಟೀ ಚಮಚ ಉಪ್ಪು ಬೆರೆಸಿ ಹತ್ತು ನಿಮಿಷ ಬಿಟ್ಟು, ಹಿಂಡಿ, ನೀರನ್ನು ಬಟ್ಟಲಿನಲ್ಲಿ ಹಿಡಿದಿಟ್ಟುಕೊಳ್ಳಿ. ತುರಿಗೆ ಮುಕ್ಕಾಲು ಕಪ್ ಜೋಳದ ಹಿಟ್ಟು, ಅರ್ಧ ಕಪ್ ಗೋಧಿಹಿಟ್ಟು, ಕಾಲು ಕಪ್ ಕಡಲೆಹಿಟ್ಟು, ಮೆಣಸು ಮತ್ತು ಶುಂಠಿಯ ಪೇಸ್ಟ್, ಅರಿಸಿನ, ಎರಡು ದೊಡ್ಡ ಚಮಚ ಮೊಸರು ಸೇರಿಸಿ, ತೆಗೆದಿಟ್ಟ ನೀರನ್ನು ಸ್ವಲ್ಪ ಸ್ವಲ್ಪವೇ ಹಾಕುತ್ತಾ ಮೆತ್ತಗೆ ಕಲಸಿ. ಮುಷ್ಟಿಯಲ್ಲಿ ಒತ್ತಿ ಮಾಡಿದ ಉಂಡೆಗಳನ್ನು 20 ನಿಮಿಷ ಹಬೆಯಲ್ಲಿ ಬೇಯಿಸಿ, ತಣಿದ ಮೇಲೆ ಕತ್ತರಿಸಿ, ಸಾಸಿವೆ, ಎಳ್ಳು, ಕರಿಬೇವಿನ ಒಗ್ಗರಣೆಯಲ್ಲಿ ಹೊರಳಿಸಿ. ಜೋಳದ ಹಿಟ್ಟಿಗೆ ಅಂಟುಗುಣವಿಲ್ಲದ ಕಾರಣ ಗೋಧಿಹಿಟ್ಟನ್ನು ಬಿಟ್ಟರೆ ಉಂಡೆ ಒಡೆಯುತ್ತದೆ. ತುರಿಯಲ್ಲಿ ಕಾಲು ಭಾಗ ಕ್ಯಾರೆಟ್ ಇದ್ದರೆ ಬಣ್ಣವೂ ಬರುತ್ತದೆ. ಕ್ಯಾರೆಟ್ಟಿನ ಬೀಟಾ ಕ್ಯಾರೊಟಿನ್ ದೇಹಕ್ಕೆ ಹತ್ತಲು ಸ್ವಲ್ಪ ಜಿಡ್ಡು ಬೇಕಾದ್ದರಿಂದ ಒಗ್ಗರಣೆಯ ಎರಡು ಚಮಚ ಎಣ್ಣೆಯನ್ನು ಆರೋಗ್ಯದ ಹೆಸರಿನಲ್ಲಿ ತಪ್ಪಿಸುವುದು ಬೇಡ.

ನುಚ್ಚಿನುಂಡೆ

ಹಳೆ ಮೈಸೂರಿನ ಕಡೆಯ ನುಚ್ಚಿನುಂಡೆಗೆ ಬೇಕಾದ ಸಬ್ಬಸಿಗೆ ಸೊಪ್ಪನ್ನು ಇಲ್ಲಿಯ ಪೇಟೆಯಲ್ಲಿ ‘ಶೇಪೂ’ ಎಂದು ಕೇಳಬೇಕು. ಒಂದು ಕಪ್ ತೊಗರಿಬೇಳೆಯನ್ನು ಮೂರು ಗಂಟೆ ನೆನೆಸಿ, ಜಾಲರಿಯಲ್ಲಿ ಸುರಿದು ಕಾಲು ಗಂಟೆ ನೀರು ಬಸಿಯಲು ಬಿಡಿ. ಬೇಳೆಯ ಮೇಲೆ ನೀರು ಉಳಿದರೆ ಮಿಕ್ಸಿಯಲ್ಲಿ ಅದು ನುಣ್ಣಗಾಗಿ ವಡೆಯ ಹಿಟ್ಟಿನಂತಾಗುತ್ತದೆ. ಮೂರು ಹಸಿಮೆಣಸು, ಶುಂಠಿಯ ಜೊತೆ ನೀರು ಹಾಕದೆ, ನಿಲ್ಲಿಸಿ ನಿಲ್ಲಿಸಿ ತರಿತರಿಯಾಗಿ ತಿರುವಿ. ಒಂದೂವರೆ ಕಪ್ ಹೆಚ್ಚಿದ ಸಬ್ಬಸಿಗೆ, ಕಾಲು ಕಪ್ ತೆಂಗಿನತುರಿ, ಇಂಗು, ಉಪ್ಪು ಬೆರೆಸಿ ಉದ್ದುದ್ದ ಉಂಡೆಗಳಾಗಿ ಒತ್ತಿ 15 ನಿಮಿಷ ಬೇಯಿಸಿ. ಇದಕ್ಕೆ ಕಾವಲಿಯೂ ಬೇಡ, ಬಿಸಿಯಾಗಿರುವಾಗ ಒಂದು ಚಮಚ ತುಪ್ಪ ಸಾಕು. ತಿನ್ನುವಾಗ ನಿಂಬೆರಸ ಹಿಂಡಿಕೊಂಡರೆ ಬೇಳೆ ಮತ್ತು ಸೊಪ್ಪಿನ ಕಬ್ಬಿಣಾಂಶ ದೇಹಕ್ಕೆ ಹೆಚ್ಚು ಹತ್ತುತ್ತದೆ.

ಮಳೆ ಬಂದಾಗ

ಪತ್ರೊಡೆಯನ್ನು ‘ಸುಲಭ ತಿಂಡಿ’ ಎಂದು ಕರೆದರೆ ಕರಾವಳಿಯ ಹಿರಿಯರು ಒಪ್ಪಲಾರರು, ಆದರೂ ಆಷಾಢ ಶ್ರಾವಣಗಳಲ್ಲಿ ಅದನ್ನು ಬಿಟ್ಟು ಹಬೆಯ ಮಾತು ಮುಗಿಯದು. ಕೆಸುವಿನ ಎಲೆ ಕೇಳಿದರೆ ಮಾರುವ ಹೆಂಗಸರು ‘ವಡೀಸಾಠೀ ಕೀ ಭಾಜೀಸಾಠೀ?’ (ವಡಿಗೋ, ಪಲ್ಯಕ್ಕೋ?) ಎಂದು ಮರುಪ್ರಶ್ನೆ ಹಾಕುತ್ತಾರೆ. ಕಪ್ಪು ದಂಟಿನ, ವಡಿಯ ಎಲೆಯನ್ನೇ ಕೇಳಿ ತರಬೇಕು. ಎಲೆಯಲ್ಲಿರುವ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳು ಗಂಟಲು ತುರಿಸುವುದಕ್ಕೆ ಕಾರಣ. ಹುಣಸೆಹುಳಿ ಧಾರಾಳವಾಗಿರಬೇಕು, 40 ನಿಮಿಷಕ್ಕೆ ಕಡಿಮೆಯಿಲ್ಲದಂತೆ ಬೇಯಬೇಕು ಎಂಬ ಎರಡು ನಿಯಮಗಳಲ್ಲಿ ರಿಯಾಯಿತಿ ಬೇಡ. ಮಹಾರಾಷ್ಟ್ರದವರು ಎಲೆಗೆ ಕಡಲೆಹಿಟ್ಟು ಹಚ್ಚುತ್ತಾರೆ, ಕರಾವಳಿಯವರು ನೆನೆಸಿ ರುಬ್ಬಿದ ಅಕ್ಕಿಯನ್ನು ಹಚ್ಚುತ್ತಾರೆ. ಸಮಯ ಕಡಿಮೆಯಿರುವವರಿಗೆ ಕಡಲೆಹಿಟ್ಟಿನ ದಾರಿಯೇ ಅನುಕೂಲ. ಮಳೆಗಾಲದ ಮೊದಲ ವಾರಗಳಲ್ಲಿ ಪಾಲ್ಘರ್, ಕರ್ಜತ್ ಕಡೆಯ ಆದಿವಾಸಿ ಹೆಂಗಸರು ಸ್ಟೇಷನ್ನಿನ ಬಳಿ ಮಾರುವ ‘ಟಾಕಳಾ’ ನಮ್ಮ ಚಗಟೆ ಸೊಪ್ಪೇ, ತುಳುವಿನ ತಜಂಕ್. ಅದರ ಎಳೆಯ ಚಿಗುರನ್ನು ನುಚ್ಚಿನುಂಡೆಗೆ ಸಬ್ಬಸಿಗೆಯ ಬದಲು ಹಾಕಿ ನೋಡಿ. ಊರು ಬಿಟ್ಟು ಎಷ್ಟು ವರ್ಷವಾಗಿದ್ದರೂ ಆ ವಾಸನೆ ಗುರುತು ಸಿಗುತ್ತದೆ.

ಇಟ್ಟುಕೊಳ್ಳುವುದು, ಡಬ್ಬಿಗೆ ತುಂಬುವುದು

ಬೇಯಿಸಿದ ಆಹಾರವನ್ನು ಎರಡು ಗಂಟೆಗಿಂತ ಹೆಚ್ಚು ಹೊತ್ತು ಹೊರಗಿಡಬಾರದು. ಮುಂಬಯಿಯ ಸೆಕೆಯಲ್ಲಿ ಈ ನಿಯಮ ಇನ್ನಷ್ಟು ಮುಖ್ಯ. ಉರುಳೆಗಳು ತಣಿದ ಕೂಡಲೇ ಕತ್ತರಿಸದೆ ಇಡಿಯಾಗಿ ಮುಚ್ಚಳದ ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನಲ್ಲಿಡಿ. ಕತ್ತರಿಸಿಟ್ಟರೆ ಅಂಚುಗಳು ಒಣಗುತ್ತವೆ. ಮೂರು ದಿನಗಳೊಳಗೆ ಮುಗಿಸುವಷ್ಟನ್ನೇ ಮಾಡಿ. ತೆಂಗಿನತುರಿ ಬಿದ್ದ ನುಚ್ಚಿನುಂಡೆಯನ್ನು ಮಾರನೆಯ ದಿನವೇ ತಿಂದು ಮುಗಿಸುವುದು ಲೇಸು.

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಒಬ್ಬರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು, ಅಂದರೆ ಒಂದು ಟೀ ಚಮಚಕ್ಕಿಂತ ಕಡಿಮೆ. ಮುಕ್ಕಾಲು ಚಮಚ ಉಪ್ಪಿನ ವಡಿಯನ್ನು ನಾಲ್ವರು ಹಂಚಿಕೊಂಡರೆ ಒಬ್ಬೊಬ್ಬರ ಪಾಲಿಗೆ ಸುಮಾರು ಒಂದು ಗ್ರಾಂ ಬರುತ್ತದೆ. ಅದರ ಜೊತೆಗೆ ಬಾಟಲಿಯ ಸಾಸ್ ಸುರಿದುಕೊಂಡರೆ ಉಪ್ಪು, ಸಕ್ಕರೆ ಎರಡೂ ಏರುತ್ತವೆ. ಒಂದು ಹಿಡಿ ಪುದೀನ, ಒಂದು ಹಿಡಿ ಕೊತ್ತಂಬರಿ, ಎರಡು ಚಮಚ ಹುರಿಗಡಲೆ, ಒಂದು ಮೆಣಸು, ಸ್ವಲ್ಪ ಮೊಸರು ಸೇರಿಸಿ ರುಬ್ಬಿದ ಚಟ್ನಿ ಐದು ನಿಮಿಷದ ಕೆಲಸ.

ಮಕ್ಕಳ ಡಬ್ಬಿಗೆ ಕಳಿಸುವಾಗ ಬೆಳಿಗ್ಗೆ ಕಾವಲಿಯಲ್ಲಿ ಕಾಯಿಸಿದ ಬಿಲ್ಲೆಗಳನ್ನು ಜಾಲರಿ ತಟ್ಟೆಯ ಮೇಲೆ ಹತ್ತು ನಿಮಿಷ ಬಿಡಿಬಿಡಿಯಾಗಿ ಹರವಿ ಆರಿಸಿ. ಆಮೇಲೆ ಡಬ್ಬಿಯ ತಳಕ್ಕೆ ಮಡಿಸಿದ ಟಿಶ್ಯೂ ಕಾಗದ ಹಾಸಿ ಮುಚ್ಚಳ ಹಾಕಿ. ಬಿಸಿಯಲ್ಲಿಯೇ ಮುಚ್ಚಿದರೆ ಅದರದೇ ಹಬೆ ನೀರಾಗಿ ಇಳಿದು, ಬಿಡುವಿನ ಗಂಟೆ ಹೊಡೆಯುವಷ್ಟರಲ್ಲಿ ಕಾವಲಿಯ ಗರಿಗರಿಯೆಲ್ಲ ಮೆತ್ತಗಾಗಿರುತ್ತದೆ.