ಕಂಪ್ಯೂಟರಲ್ಲಿ ವಾಟ್ಸಾಪ್ ಓಪನ್ ಆಗದಿದ್ದರೆ ಮೊದಲು ಗಡಿಯಾರ ನೋಡಿ

ತಿಪಟೂರಿನಲ್ಲಿ ನನ್ನದೊಂದು ಸಣ್ಣ ಜೆರಾಕ್ಸ್, ಡಿಟಿಪಿ ಅಂಗಡಿ. ಮೊದಲೆಲ್ಲ ಜನ ಪೆನ್‌ಡ್ರೈವ್ ಹಿಡಿದು ಬರುತ್ತಿದ್ದರು. ಈಗ ಪಹಣಿ, ಹಾಲ್ ಟಿಕೆಟ್, ಆಧಾರ್, ಗೃಹಪ್ರವೇಶದ ಕಾರ್ಡು ಎಲ್ಲವೂ ವಾಟ್ಸಾಪಲ್ಲೇ ಬರುತ್ತದೆ. ಗೋಡೆ ಮೇಲೆ ಅಂಗಡಿ ನಂಬರ್ ದೊಡ್ಡದಾಗಿ ಬರೆಸಿದ್ದೇನೆ. ಅವರು ಅದಕ್ಕೆ ಕಳಿಸುತ್ತಾರೆ, ನಾನು ಕಂಪ್ಯೂಟರಲ್ಲಿ ತೆಗೆದು ಪ್ರಿಂಟ್ ಕೊಡುತ್ತೇನೆ. ಕಂಪ್ಯೂಟರಲ್ಲಿ ವಾಟ್ಸಾಪ್ ನಿಂತರೆ ಅಂಗಡಿಯೇ ನಿಂತ ಹಾಗೆ.

ಒಂದು ಬೆಳಿಗ್ಗೆ ಹಾಗೇ ಆಯಿತು. ರಾತ್ರಿಯೆಲ್ಲ ಕರೆಂಟ್ ಇರಲಿಲ್ಲ. ಬಂದ ಮೇಲೆ ಸಿಸ್ಟಮ್ ಆನ್ ಮಾಡಿದೆ. ವಾಟ್ಸಾಪ್ ಕ್ಲಿಕ್ ಮಾಡಿದರೆ ಸುಮ್ನೆ ಸುತ್ತುತ್ತಲೇ ಇದೆ. ಎದುರಿಗೆ ಹಳ್ಳಿಯಿಂದ ಬಂದ ಒಬ್ಬರು ಅಜ್ಜ. ಬೆಂಗಳೂರಲ್ಲಿರುವ ಮೊಮ್ಮಗ ಅವರ ಪಹಣಿ ಕಳಿಸಿದ್ದಾನೆ. ಹನ್ನೊಂದು ಗಂಟೆಗೆ ಬ್ಯಾಂಕಿಗೆ ಕೊಡಬೇಕು. "ಏನವ್ವಾ, ಆಯ್ತಾ?" ಅಂತ ಎರಡು ಸಲ ಕೇಳಿದರು. ಗಾಬರಿಯಲ್ಲಿ ನಾನು ಆ್ಯಪ್ ಅನ್‌ಇನ್‌ಸ್ಟಾಲ್ ಮಾಡಿಬಿಟ್ಟೆ. ಮತ್ತೆ ಹಾಕೋಣ ಅಂದರೆ ಮೈಕ್ರೋಸಾಫ್ಟ್ ಸ್ಟೋರೂ ತೆರೆಯಲಿಲ್ಲ. ಬ್ರೌಸರ್ ತೆಗೆದೆ. 'ಯುವರ್ ಕ್ಲಾಕ್ ಈಸ್ ಬಿಹೈಂಡ್' ಅಂತ ಬಂತು. ಆಗ ಪರದೆಯ ಬಲಗಡೆ ಮೂಲೆ ನೋಡಿದೆ. ತಾರೀಕು 2014ರ ಜನವರಿ 1 ತೋರಿಸುತ್ತಿತ್ತು.

ತಾರೀಕಿಗೂ ವಾಟ್ಸಾಪಿಗೂ ಏನು ಸಂಬಂಧ ಅಂತ ನಿಮಗೂ ಅನಿಸಬಹುದು. ಕಂಪ್ಯೂಟರ್ ಒಂದು ಸರ್ವರ್, ಅಂದರೆ ಕಂಪನಿಯವರ ದೂರದ ಕಂಪ್ಯೂಟರ್ ಜೊತೆ ಮಾತಾಡುವ ಮುಂಚೆ ಅದರ ಸರ್ಟಿಫಿಕೇಟ್, ಅಂದರೆ ಗುರುತಿನ ಚೀಟಿ ನೋಡುತ್ತದೆ. ಆ ಸರ್ಟಿಫಿಕೇಟಿಗೆ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಅವಧಿ ಇರುತ್ತದೆ. ಕಂಪ್ಯೂಟರಿನ ಲೆಕ್ಕದಲ್ಲಿ ಇನ್ನೂ 2014 ಆದರೆ, ಆ ಸರ್ಟಿಫಿಕೇಟ್ ಇನ್ನೂ ಚಾಲ್ತಿಗೇ ಬಂದಿಲ್ಲ. ಹಾಗಾಗಿ ಬಾಗಿಲು ಹಾಕಿಬಿಡುತ್ತದೆ. ನೆಟ್ ಸರಿ ಇದ್ದರೂ ಕೆಲಸ ಆಗುವುದಿಲ್ಲ.

ಅದಕ್ಕೇ ಹೇಳುವುದು, ಮೊದಲು ಗಡಿಯಾರ ನೋಡಿ. ತಪ್ಪಿದ್ದರೆ ವಿಂಡೋಸಿನ ಸೆಟ್ಟಿಂಗ್ಸ್‌ನಲ್ಲಿ 'ಟೈಮ್ ಅಂಡ್ ಲ್ಯಾಂಗ್ವೇಜ್', ಅದರೊಳಗೆ 'ಡೇಟ್ ಅಂಡ್ ಟೈಮ್'. ಅಲ್ಲಿ 'ಸಿಂಕ್ ನೌ' ಒತ್ತಿ. ಆಗದಿದ್ದರೆ ಆಟೋಮ್ಯಾಟಿಕ್ ಆಫ್ ಮಾಡಿ ತಾರೀಕು, ವರ್ಷ, ಸಮಯ ನೀವೇ ಹಾಕಿ. ಟೈಮ್ ಝೋನ್ ಕೋಲ್ಕತ್ತಾ, ಚೆನ್ನೈ, ಮುಂಬೈ, ನವದೆಹಲಿ ಅಂತಲೇ ಇರಲಿ. ನನಗೆ ಅಷ್ಟಕ್ಕೇ ಸ್ಟೋರ್ ತೆರೆಯಿತು, ವಾಟ್ಸಾಪ್ ಮತ್ತೆ ಹಾಕಿಕೊಂಡೆ. ಅಜ್ಜನ ಪಹಣಿ ಹತ್ತೂವರೆಗೆ ಕೈಗೆ ಕೊಟ್ಟೆ.

ಕಂಪ್ಯೂಟರ್ ಆಫ್ ಮಾಡಿದಾಗಲೆಲ್ಲ ತಾರೀಕು ಹಿಂದಕ್ಕೆ ಹೋದರೆ ಗಡಿಯಾರ ನಡೆಸುವ ಒಳಗಿನ ಶೆಲ್ ಮುಗಿದಿದೆ ಅಂತ ಅರ್ಥ. ಮದರ್‌ಬೋರ್ಡ್, ಅಂದರೆ ಒಳಗಿನ ದೊಡ್ಡ ಬೋರ್ಡ್ ಮೇಲೆ ನಾಣ್ಯದ ಹಾಗೆ ಹೊಳೆಯುತ್ತಿರುತ್ತದೆ. ಸಾಮಾನ್ಯವಾಗಿ ಸಿಆರ್2032 ಅಂತ ಬರೆದಿರುತ್ತದೆ, 3 ವೋಲ್ಟ್. ವಾಚ್ ರಿಪೇರಿ ಅಂಗಡಿಯಲ್ಲೂ ಸಿಗುತ್ತದೆ. ಡೆಸ್ಕ್‌ಟಾಪ್ ಆದರೆ ನೀವೇ ಬದಲಿಸಬಹುದು. ಪೂರ್ತಿ ಶಟ್‌ಡೌನ್ ಮಾಡಿ, ಪ್ಲಗ್ ಕಿತ್ತು, ಸಿಪಿಯು ಪಕ್ಕದ ಹಲಗೆ ತೆಗೆಯಿರಿ. ಶೆಲ್ ಪಕ್ಕ ಪುಟ್ಟ ಲೋಹದ ಕೊಕ್ಕೆ ಇರುತ್ತದೆ. ಅದನ್ನು ಮೆಲ್ಲಗೆ ಹೊರಕ್ಕೆ ತಳ್ಳಿದರೆ ಶೆಲ್ ತಾನೇ ಎದ್ದು ಬರುತ್ತದೆ. ಹೊಸದನ್ನು ಹಳೆಯದು ಕೂತಿದ್ದ ಹಾಗೇ ಕೂರಿಸಿ. ಮಲಗಿದ್ದ ಶೆಲ್ ಆದರೆ ಪ್ಲಸ್ ಗುರುತು ಮೇಲೆ ಬರುತ್ತದೆ. ಮೊದಲ ಸಲ ಆನ್ ಮಾಡಿದಾಗ ಎಫ್1 ಒತ್ತಿ ಅಂತ ಕೇಳಬಹುದು, ಹೆದರಬೇಡಿ. ಸಮಯ ಇನ್ನೊಮ್ಮೆ ಸರಿ ಮಾಡಿದರೆ ಮುಗಿಯಿತು. ಲ್ಯಾಪ್‌ಟಾಪ್ ಆದರೆ ಮಾತ್ರ ರಿಪೇರಿಯವರ ಕೈಗೇ ಕೊಡಿ.

ಗಡಿಯಾರ ಸರಿ ಇದ್ದೂ ತೆರೆಯುತ್ತಿಲ್ಲ ಅಂದರೆ, ತೊಂದರೆ ಎಲ್ಲಿದೆ ಅಂತ ಪತ್ತೆ ಮಾಡಬೇಕು. ಫೋನಿನ ವಾಟ್ಸಾಪಿಗೆ ಮೆಸೇಜ್ ಬರುತ್ತಿದೆಯಾ? ಕಂಪ್ಯೂಟರಲ್ಲಿ ಬೇರೆ ಯಾವುದಾದರೂ ಸೈಟ್ ತೆರೆಯುತ್ತದಾ? ತೆರೆಯದಿದ್ದರೆ ಫೋನಿನ ಹಾಟ್‌ಸ್ಪಾಟ್ ಆನ್ ಮಾಡಿ ಕಂಪ್ಯೂಟರಿಗೆ ಕೊಟ್ಟು ನೋಡಿ. ಬಂತು ಅಂದ್ರೆ ನಿಮ್ಮ ಬ್ರಾಡ್‌ಬ್ಯಾಂಡ್ ಸರಿಯಿಲ್ಲ. ಬೇರೆ ಸೈಟೆಲ್ಲ ತೆರೆಯುತ್ತಿದ್ದರೆ, ವೆಬ್ ಡಾಟ್ ವಾಟ್ಸಾಪ್ ಡಾಟ್ ಕಾಮ್ ವಿಳಾಸ ಬ್ರೌಸರಲ್ಲಿ ಟೈಪ್ ಮಾಡಿ. ಅಲ್ಲಿ ಬಂದು ಆ್ಯಪಲ್ಲಿ ಬರದಿದ್ದರೆ ಆ್ಯಪಿನದೇ ತೊಂದರೆ. ಗಿರಾಕಿ ಎದುರಿಗಿದ್ದಾಗ ಸದ್ಯಕ್ಕೆ ಬ್ರೌಸರಲ್ಲೇ ಕೆಲಸ ಮುಗಿಸಿ ಕಳಿಸಿ. ರಿಪೇರಿ ಆಮೇಲೆ ನೋಡಿದರಾಯಿತು.

ಆ್ಯಪ್ ವಿಚಾರಕ್ಕೆ ಬಂದರೆ, ಎಷ್ಟೋ ಸಲ ಅದು ಹಿಂದೆ ಸಿಕ್ಕಿಹಾಕಿಕೊಂಡು ಕೂತಿರುತ್ತದೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ಬರುತ್ತದೆ. ಪಟ್ಟಿಯಲ್ಲಿ ವಾಟ್ಸಾಪ್ ಹುಡುಕಿ 'ಎಂಡ್ ಟಾಸ್ಕ್' ಕೊಡಿ, ಮತ್ತೆ ತೆರೆಯಿರಿ. ಅದಕ್ಕೂ ಬಗ್ಗದಿದ್ದರೆ ಸೆಟ್ಟಿಂಗ್ಸ್, ಆ್ಯಪ್ಸ್, 'ಇನ್‌ಸ್ಟಾಲ್ಡ್ ಆ್ಯಪ್ಸ್'. ವಾಟ್ಸಾಪ್ ಪಕ್ಕದ ಮೂರು ಚುಕ್ಕಿ ಒತ್ತಿ 'ಅಡ್ವಾನ್ಸ್ಡ್ ಆಪ್ಷನ್ಸ್'. ಕೆಳಗೆ ರಿಪೇರ್, ರೀಸೆಟ್ ಅಂತ ಎರಡು ಬಟನ್. ಮೊದಲು ರಿಪೇರ್ ಮಾತ್ರ ಒತ್ತಿ. ಅದು ಏನನ್ನೂ ಅಳಿಸುವುದಿಲ್ಲ.

ರೀಸೆಟ್ ಒತ್ತುವ ಮುಂಚೆ ಒಂದು ನಿಮಿಷ ನಿಲ್ಲಿ. ಚಾಟ್‌ಗಳು ಫೋನಲ್ಲಿ ಇರುತ್ತವೆ, ಅದರ ಚಿಂತೆ ಬೇಡ. ಆದರೆ ರೀಸೆಟ್, ಅನ್‌ಇನ್‌ಸ್ಟಾಲ್ ಎರಡೂ ಕಂಪ್ಯೂಟರಲ್ಲಿ ಆ್ಯಪಿನೊಳಗೆ ಇಟ್ಟಿದ್ದನ್ನು ಅಳಿಸುತ್ತವೆ. ನಾನು ಅವತ್ತು ಅನ್‌ಇನ್‌ಸ್ಟಾಲ್ ಮಾಡಿದಾಗ ಒಂದು ಮದುವೆ ಕಾರ್ಡಿನ ಪ್ರೂಫ್ ಹೋಯಿತು. ಆ್ಯಪಲ್ಲೇ ತೆರೆದು ನೋಡಿದ್ದೆ, 'ಸೇವ್ ಆಸ್' ಕೊಟ್ಟಿರಲಿಲ್ಲ. ಹುಡುಗಿಯ ಅಪ್ಪನಿಗೆ ಫೋನ್ ಮಾಡಿ ಮತ್ತೊಮ್ಮೆ ಕಳಿಸಿ ಅಂತ ಕೇಳಬೇಕಾಯಿತು. ಅವತ್ತಿನಿಂದ ಬಂದ ಫೈಲನ್ನು ಬಂದ ಕೂಡಲೇ ಆ ದಿನದ ಹೆಸರಿನ ಫೋಲ್ಡರ್‌ಗೆ ಹಾಕುತ್ತೇನೆ. ನೀವೂ ಹಾಗೇ ಮಾಡಿ, ದಯವಿಟ್ಟು.

ಬ್ರೌಸರಲ್ಲೇ ಬರುತ್ತಿಲ್ಲ ಅಂದರೆ ಕಂಟ್ರೋಲ್, ಶಿಫ್ಟ್, ಎನ್ ಒತ್ತಿ. ಕ್ರೋಮಲ್ಲಿ ಇನ್‌ಕಾಗ್ನಿಟೋ ಕಿಟಕಿ ತೆರೆಯುತ್ತದೆ. ಅಲ್ಲಿ ಬಂದರೆ ಬ್ರೌಸರಿಗೆ ಸೇರಿಸಿದ ಯಾವುದೋ ಎಕ್ಸ್‌ಟೆನ್ಷನ್ ಅಥವಾ ಸೈಟುಗಳು ಬ್ರೌಸರಲ್ಲಿ ಇಟ್ಟ ಹಳೆಯ ಕುಕೀಸ್ ಅಡ್ಡ ಬರುತ್ತಿದೆ. ಎಕ್ಸ್‌ಟೆನ್ಷನ್‌ಗಳನ್ನು ಒಂದೊಂದಾಗಿ ಆಫ್ ಮಾಡಿ ನೋಡಿ. ಆಫೀಸಿನ ಕಂಪ್ಯೂಟರ್ ಆದರೆ ಅಲ್ಲಿನವರೇ ತಡೆ ಹಾಕಿರಬಹುದು, ಕೇಳಿಬಿಡಿ. ವಿಂಡೋಸ್ 7 ಇದ್ದವರಿಗೆ ಒಂದು ಮಾತು: ಕ್ರೋಮ್ ಅದರಲ್ಲಿ 109ನೇ ಆವೃತ್ತಿಗೇ ನಿಂತಿದೆ, 2023ರಿಂದ ಹೊಸದು ಬರುವುದಿಲ್ಲ. ಅಂಥ ಸಿಸ್ಟಮ್ ಜೊತೆ ಗುದ್ದಾಡುವುದಕ್ಕಿಂತ ವಿಂಡೋಸ್ ಬದಲಿಸುವುದೇ ಸರಿ.

ಎಲ್ಲ ಸರಿ ಇದ್ದು, ಇದ್ದಕ್ಕಿದ್ದ ಹಾಗೆ ಕ್ಯೂಆರ್ ಕೋಡ್ ಕೇಳಿದರೆ ಅದು ಕೆಟ್ಟಿಲ್ಲ, ಲಾಗ್ ಔಟ್ ಆಗಿದೆ ಅಷ್ಟೆ. ಮುಖ್ಯ ಫೋನನ್ನು 14 ದಿನ ಬಳಸದಿದ್ದರೆ ಜೋಡಿಸಿದ ಕಂಪ್ಯೂಟರ್‌ಗಳು ತಾನಾಗಿ ಬಿಟ್ಟುಹೋಗುತ್ತವೆ. ನನ್ನ ಅಂಗಡಿ ನಂಬರಿನ ಫೋನ್ ಒಮ್ಮೆ ಚಾರ್ಜ್ ಇಲ್ಲದೆ ಡ್ರಾಯರಲ್ಲೇ ಬಿದ್ದಿತ್ತು. ಕೆಲಸವೆಲ್ಲ ಕಂಪ್ಯೂಟರಲ್ಲೇ ಆಗುತ್ತಿತ್ತಲ್ಲ, ಫೋನಿನ ನೆನಪೇ ಆಗಿರಲಿಲ್ಲ. ಈಗ ಪ್ರತಿ ಸೋಮವಾರ ಅದನ್ನು ಚಾರ್ಜ್ ಮಾಡಿ ಒಮ್ಮೆ ತೆರೆದು ಇಡುತ್ತೇನೆ. ಮತ್ತೆ ಜೋಡಿಸಲು ಫೋನಲ್ಲಿ ಮೂರು ಚುಕ್ಕಿ ಒತ್ತಿ 'ಲಿಂಕ್ಡ್ ಡಿವೈಸಸ್'ಗೆ ಹೋಗಿ. ಐಫೋನಲ್ಲಿ ಸೆಟ್ಟಿಂಗ್ಸ್ ಒಳಗಿದೆ. ಒಂದು ಫೋನಿಗೆ ನಾಲ್ಕು ಜೋಡಿಸಬಹುದು, ಐದನೆಯದನ್ನು ತೆಗೆದುಕೊಳ್ಳುವುದಿಲ್ಲ. ಕ್ಯಾಮೆರಾ ಒಡೆದಿದ್ದರೆ ಫೋನ್ ನಂಬರ್ ಹಾಕಿ, ಕಂಪ್ಯೂಟರಲ್ಲಿ ಬರುವ ಎಂಟು ಅಕ್ಷರದ ಕೋಡನ್ನು ಫೋನಲ್ಲಿ ಟೈಪ್ ಮಾಡಿದರೂ ಆಗುತ್ತದೆ.

ಆದರೆ ಹುಡುಕಾಟದಲ್ಲಿ ಬಂದ ಯಾವುದೋ ಸೈಟಿನ ಕ್ಯೂಆರ್ ಸ್ಕ್ಯಾನ್ ಮಾಡಬೇಡಿ. ಹಾಗೆ ಮಾಡಿದರೆ ನಿಮ್ಮ ವಾಟ್ಸಾಪನ್ನು ಬೇರೆಯವರ ಕಂಪ್ಯೂಟರಿಗೆ ನೀವೇ ಜೋಡಿಸಿಕೊಟ್ಟ ಹಾಗಾಗುತ್ತದೆ. ಆ್ಯಪನ್ನು ವಾಟ್ಸಾಪಿನ ಸ್ವಂತ ಸೈಟಿಂದ ಅಥವಾ ಮೈಕ್ರೋಸಾಫ್ಟ್ ಸ್ಟೋರಿಂದ ಮಾತ್ರ ಇಳಿಸಿಕೊಳ್ಳಿ. ನನ್ನ ಅಂಗಡಿಯಂಥ ಕಡೆ ಸಿಸ್ಟಮಲ್ಲಿ ನಿಮ್ಮ ವಾಟ್ಸಾಪ್ ತೆರೆದಿದ್ದರೆ, ಎದ್ದು ಹೋಗುವ ಮುಂಚೆ ಫೋನಲ್ಲಿ ಅದೇ 'ಲಿಂಕ್ಡ್ ಡಿವೈಸಸ್' ತೆಗೆದು ಆ ಕಂಪ್ಯೂಟರಿನ ಹೆಸರು ಒತ್ತಿ, ಲಾಗ್ ಔಟ್ ಕೊಡಿ. ಮರೆತು ಬಸ್ ಹತ್ತಿದ್ದರೂ ಪರವಾಗಿಲ್ಲ, ಬಸ್ಸಲ್ಲೇ ಕೂತು ಮಾಡಬಹುದು.